ಫುಲ್‌ಬ್ರೈಟ್–ನೆಹರೂ ಫೆಲೋಶಿಪ್: ದುಡ್ಡು ಯಾರದು, ಆಯ್ಕೆ ಯಾರದು, ಷರತ್ತು ಯಾಕೆ

ಓದು, ಸಂಶೋಧನೆಗೆಂದು ಭಾರತೀಯರನ್ನು ಅಮೆರಿಕಕ್ಕೂ ಅಮೆರಿಕನ್ನರನ್ನು ಭಾರತಕ್ಕೂ ಕಳಿಸುವ ಫುಲ್‌ಬ್ರೈಟ್–ನೆಹರೂ ಫೆಲೋಶಿಪ್ಪನ್ನು 'ಅಮೆರಿಕ ಸರ್ಕಾರದ ಸ್ಕಾಲರ್‌ಶಿಪ್' ಎಂದು ಕರೆಯುವುದು ರೂಢಿ. ಇದು ಅರ್ಧ ನಿಜ ಅಷ್ಟೇ. 2008ರ ಜುಲೈ 4ರಂದು ಎರಡೂ ಸರ್ಕಾರಗಳು ಸಹಿ ಹಾಕಿದ ಒಪ್ಪಂದದ ನಂತರ ಭಾರತ ಸರ್ಕಾರವೂ ಸರಿಸಮಾನ ಪಾಲುದಾರ. ಹೆಸರಿಗೆ 'ನೆಹರೂ' ಸೇರಿದ್ದು ಆಗಲೇ. ನಡೆಸುವ ಸಂಸ್ಥೆಯ ಹೆಸರೂ ಆಗಲೇ ಬದಲಾಗಿ 'ಯುನೈಟೆಡ್ ಸ್ಟೇಟ್ಸ್–ಇಂಡಿಯಾ ಎಜುಕೇಷನಲ್ ಫೌಂಡೇಷನ್', ಚಿಕ್ಕದಾಗಿ ಯುಎಸ್‌ಐಇಎಫ್ ಆಯಿತು. ಹಳೆಯ ಹೆಸರಿನಲ್ಲಿ ಅದು 'ಇಂಡಿಯಾದಲ್ಲಿರುವ' ಅಮೆರಿಕನ್ ಫೌಂಡೇಷನ್ ಆಗಿತ್ತು. ಹೊಸ ಹೆಸರಿನಲ್ಲಿ ಎರಡು ದೇಶಗಳೂ ಅಕ್ಕಪಕ್ಕ ನಿಂತವು.

ಇದು ಬರೀ ಶಿಷ್ಟಾಚಾರದ ವಿಷಯವಲ್ಲ. ಅರ್ಜಿ ಹಾಕುವವರಿಗೆ ವಿಚಿತ್ರ ಎನಿಸುವ ಎಷ್ಟೋ ನಿಯಮಗಳಿವೆ: ಕೆಲಸದಲ್ಲಿದ್ದರೆ ರಜೆಯ ಒಪ್ಪಿಗೆ ಯಾಕೆ, ಮೂರು ವರ್ಷ ಅನುಭವ ಯಾಕೆ, ಮುಗಿದ ಮೇಲೆ ಎರಡು ವರ್ಷ ಊರಲ್ಲೇ ಇರಬೇಕು ಯಾಕೆ? ಈ ಸಂಸ್ಥೆ ಎರಡು ಸರ್ಕಾರಗಳ ನಡುವೆ ಹುಟ್ಟಿದ ಕೂಸು ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಇವಕ್ಕೆಲ್ಲ ಉತ್ತರ ಸಿಗುತ್ತದೆ.

ಯುದ್ಧದ ಗುಜರಿಯಿಂದ ಶುರು

ಎರಡನೇ ಮಹಾಯುದ್ಧ ಮುಗಿದಾಗ ಅಮೆರಿಕದ ಸೇನೆ ಬೇರೆ ಬೇರೆ ದೇಶಗಳಲ್ಲಿ ರಾಶಿ ರಾಶಿ ಸಾಮಾನು ಬಿಟ್ಟಿತ್ತು: ಲಾರಿ, ಯಂತ್ರ, ಬಿಡಿಭಾಗ, ಡೇರೆ. ಅದನ್ನೆಲ್ಲ ವಾಪಸ್ ಸಾಗಿಸುವುದಕ್ಕಿಂತ ಅಲ್ಲೇ ಮಾರುವುದು ಅಗ್ಗ. ಆದರೆ ಕೊಳ್ಳುವ ದೇಶಗಳ ಬಳಿ ಡಾಲರ್ ಇರಲಿಲ್ಲ; ಕೊಡುವುದಾದರೆ ತಮ್ಮ ನಾಣ್ಯವನ್ನೇ ಕೊಡಬೇಕು. ಆ ನಾಣ್ಯ ಆ ದೇಶದ ಹೊರಗೆ ನಡೆಯದು. ಅರ್ಕಾನ್ಸಾಸ್‌ನ ಸೆನೆಟರ್ ಜೆ. ವಿಲಿಯಂ ಫುಲ್‌ಬ್ರೈಟ್ 1945ರಲ್ಲಿ ಒಂದು ದಾರಿ ಸೂಚಿಸಿದರು: ಆ ಹಣ ಆಯಾ ದೇಶದಲ್ಲೇ ಇರಲಿ, ವಿದ್ಯಾರ್ಥಿ–ಅಧ್ಯಾಪಕರ ಓಡಾಟಕ್ಕೆ ಖರ್ಚಾಗಲಿ. 1946ರ ಆಗಸ್ಟ್ 1ರಂದು ಅಧ್ಯಕ್ಷ ಟ್ರೂಮನ್ ಅದಕ್ಕೆ ಸಹಿ ಹಾಕಿದರು. ತಾಂತ್ರಿಕವಾಗಿ ಅದು ಹೆಚ್ಚುವರಿ ಸಾಮಾನು ವಿಲೇವಾರಿ ಮಾಡುವ ಕಾನೂನಿಗೆ ತಂದ ಒಂದು ತಿದ್ದುಪಡಿ. ಜಗತ್ತಿನ ಬಹು ದೊಡ್ಡ ವಿದ್ಯಾ ವಿನಿಮಯಕ್ಕೆ ಗುಜರಿ ಕಾನೂನೇ ತೊಟ್ಟಿಲಾಯಿತು.

ಭಾರತದೊಂದಿಗಿನ ಒಪ್ಪಂದಕ್ಕೆ 1950ರ ಫೆಬ್ರವರಿ 2ರಂದು ಜವಾಹರಲಾಲ್ ನೆಹರೂ ಮತ್ತು ಅಮೆರಿಕದ ರಾಯಭಾರಿ ಲಾಯ್ ಹೆಂಡರ್ಸನ್ ಸಹಿ ಹಾಕಿದರು. ಗಣರಾಜ್ಯಕ್ಕೆ ಆಗ ಏಳು ದಿನ.

ಹಣ ರೂಪಾಯಿಯಲ್ಲಿದ್ದದ್ದರಿಂದ ಒಂದು ತೊಡಕಿತ್ತು. ರೂಪಾಯಿಯಲ್ಲಿ ಭಾರತೀಯನೊಬ್ಬನಿಗೆ ಪ್ರಯಾಣದ ಟಿಕೆಟ್ ತೆಗೆದುಕೊಡಬಹುದು. ಅಮೆರಿಕದ ವಿಶ್ವವಿದ್ಯಾಲಯದ ಶುಲ್ಕ ಕಟ್ಟಲಾಗದು. ಹಾಗಾಗಿ ಮೊದಮೊದಲು ಇಲ್ಲಿಂದ ಹೋಗುವವರಿಗೆ ಸಿಗುತ್ತಿದ್ದುದು ಬಹುಮಟ್ಟಿಗೆ ಪ್ರಯಾಣದ ನೆರವು. ಅಲ್ಲಿನ ಖರ್ಚಿಗೆ ವಿಶ್ವವಿದ್ಯಾಲಯದಿಂದಲೋ, 1948ರ ಸ್ಮಿತ್–ಮುಂಟ್ ಕಾಯ್ದೆಯಡಿ ಸಿಗುತ್ತಿದ್ದ ಡಾಲರ್‌ಗಳಿಂದಲೋ ಹೊಂದಿಸಬೇಕಿತ್ತು. ಬಗೆಬಗೆಯ ಕಾನೂನುಗಳಲ್ಲಿ ಹಂಚಿಹೋಗಿದ್ದ ಇದೆಲ್ಲ ಒಂದೆಡೆ ಸೇರಿದ್ದು 1961ರ ಫುಲ್‌ಬ್ರೈಟ್–ಹೇಸ್ ಕಾಯ್ದೆಯಲ್ಲಿ. ಎ. ಕೆ. ರಾಮಾನುಜನ್ 1959ರಲ್ಲಿ ಫುಲ್‌ಬ್ರೈಟ್ ನೆರವಿನಿಂದ ಇಂಡಿಯಾನಾ ವಿಶ್ವವಿದ್ಯಾಲಯಕ್ಕೆ ಹೋದದ್ದು ಇನ್ನೂ ಹಳೆಯ ಏರ್ಪಾಟಿನ ಕಾಲದಲ್ಲಿ. ಗಿರೀಶ ಕಾರ್ನಾಡರು 1987–88ರಲ್ಲಿ ಷಿಕಾಗೊ ವಿಶ್ವವಿದ್ಯಾಲಯದಲ್ಲಿ ಫುಲ್‌ಬ್ರೈಟ್ ನಾಟಕಕಾರರಾಗಿ ಇದ್ದದ್ದು ಅದಾದ ಎಷ್ಟೋ ವರ್ಷಗಳ ಮೇಲೆ.

ಯುದ್ಧದ ಸಾಮಾನಿನ ದುಡ್ಡು ಮುಗಿಯುವಂಥದ್ದೇ. ಆದರೆ ಭಾರತದಲ್ಲಿ ಅಮೆರಿಕದ ಕೈಗೆ ಇನ್ನೊಂದು ರೂಪಾಯಿ ಗಂಟು ಬಂತು: 1954ರ ಪಿಎಲ್–480 ಕಾನೂನಿನಡಿ ನಾವು ರೂಪಾಯಿ ಕೊಟ್ಟು ಕೊಂಡ ಗೋಧಿಯ ಹಣ. ಅದು ಎಷ್ಟು ಬೆಳೆಯಿತೆಂದರೆ, 1974ರ ಫೆಬ್ರವರಿಯಲ್ಲಿ ರಾಯಭಾರಿ ಡೇನಿಯಲ್ ಪ್ಯಾಟ್ರಿಕ್ ಮೊಯ್ನಿಹಾನ್ 1,664 ಕೋಟಿ ರೂಪಾಯಿಯ ಚೆಕ್ಕನ್ನು ಭಾರತ ಸರ್ಕಾರಕ್ಕೆ ವಾಪಸ್ ಕೊಟ್ಟರು. ರೇಷನ್ ಗೋಧಿಗೆ ಕೊಟ್ಟ ರೂಪಾಯಿಯ ಒಂದು ಪಾಲು ವಿದ್ಯಾ ವಿನಿಮಯಕ್ಕೂ ಹರಿದಿದೆ. ಈಗ ಅಂಥ ಗಂಟು ಇಲ್ಲ. ಅಮೆರಿಕದ ಪಾಲು ಅಲ್ಲಿನ ಸಂಸತ್ತು ವರ್ಷ ವರ್ಷ ಮಂಜೂರು ಮಾಡುವ ಹಣ, ವಿದೇಶಾಂಗ ಇಲಾಖೆಯ ಮೂಲಕ ಬರುತ್ತದೆ. ಭಾರತದ ಪಾಲು ನಮ್ಮ ವಿದೇಶಾಂಗ ಸಚಿವಾಲಯದಿಂದ. ಅಂದರೆ ಎರಡು ಬಜೆಟ್‌ಗಳಲ್ಲಿ ಯಾವುದು ಅಲುಗಿದರೂ ಸೀಟುಗಳ ಸಂಖ್ಯೆ ಅಲುಗುತ್ತದೆ. ಹೋದ ವರ್ಷ ಇಷ್ಟಿತ್ತು, ಈ ವರ್ಷವೂ ಇಷ್ಟೇ ಇರುತ್ತದೆ ಎಂದು ಲೆಕ್ಕ ಹಾಕುವಂತಿಲ್ಲ.

ನಾಲ್ಕು ಬಾಗಿಲು, ನಾಲ್ಕು ಬೀಗದ ಕೈ

ಫುಲ್‌ಬ್ರೈಟ್ ಕಾರ್ಯಕ್ರಮ 160ರಷ್ಟು ದೇಶಗಳಲ್ಲಿದೆ. ಬಹಳ ಕಡೆ ಅದನ್ನು ಅಮೆರಿಕದ ರಾಯಭಾರ ಕಚೇರಿಯೇ ನಡೆಸುತ್ತದೆ. 50ಕ್ಕೆ ಹತ್ತಿರದಷ್ಟು ದೇಶಗಳಲ್ಲಿ ಮಾತ್ರ ಪ್ರತ್ಯೇಕ ದ್ವಿರಾಷ್ಟ್ರೀಯ ಆಯೋಗವಿದೆ. ಭಾರತದಲ್ಲಿ ಆ ಆಯೋಗವೇ ಯುಎಸ್‌ಐಇಎಫ್. ಅದರ ಆಡಳಿತ ಮಂಡಳಿಯಲ್ಲಿ ಭಾರತೀಯರೂ ಅಮೆರಿಕನ್ನರೂ ಸಮಸಂಖ್ಯೆಯಲ್ಲಿರುತ್ತಾರೆ. ಭಾರತದ ವಿದೇಶಾಂಗ ಕಾರ್ಯದರ್ಶಿ ಮತ್ತು ಅಮೆರಿಕದ ರಾಯಭಾರಿ ಇಬ್ಬರೂ ಗೌರವ ಅಧ್ಯಕ್ಷರು. ಮುಖ್ಯ ಕಚೇರಿ ದೆಹಲಿಯ ಹೇಲಿ ರಸ್ತೆಯ ಫುಲ್‌ಬ್ರೈಟ್ ಹೌಸ್. ಚೆನ್ನೈ, ಹೈದರಾಬಾದ್, ಕೋಲ್ಕತ್ತ, ಮುಂಬೈಗಳಲ್ಲಿ ಪ್ರಾದೇಶಿಕ ಕಚೇರಿಗಳಿವೆ.

ಜನ ಎಡವುವುದು ಇಲ್ಲೇ: ಯುಎಸ್‌ಐಇಎಫ್ 'ಆಯ್ಕೆ' ಮಾಡುವುದಿಲ್ಲ, 'ನಾಮನಿರ್ದೇಶನ' ಮಾಡುತ್ತದೆ. ಅರ್ಜಿಗಳನ್ನು ಆಯಾ ವಿಷಯದ ತಜ್ಞರಿಂದ ಓದಿಸಿ, ಸಂದರ್ಶನ ಮಾಡಿ, ಒಂದು ಪಟ್ಟಿ ತಯಾರಿಸುವುದು ಅದರ ಕೆಲಸ. ಪಟ್ಟಿಯಲ್ಲಿ ಎರಡು ಸಾಲು: ಮುಖ್ಯ ಅಭ್ಯರ್ಥಿಗಳು, ಬದಲಿ ಅಭ್ಯರ್ಥಿಗಳು. ಮುಖ್ಯದವರು ಯಾರಾದರೂ ಬಿಟ್ಟರೆ, ಅಥವಾ ಹಣ ಹೆಚ್ಚಿಗೆ ಸಿಕ್ಕರೆ ಬದಲಿಯವರಿಗೆ ಕರೆ ಬರುತ್ತದೆ. ಆ ಪಟ್ಟಿ ಅಂತಿಮ ಒಪ್ಪಿಗೆಗೆ ಅಮೆರಿಕದ ಫುಲ್‌ಬ್ರೈಟ್ ಫಾರಿನ್ ಸ್ಕಾಲರ್‌ಶಿಪ್ ಬೋರ್ಡ್‌ಗೆ ಹೋಗುತ್ತದೆ. ಇದು ಅಮೆರಿಕ ಅಧ್ಯಕ್ಷರು ನೇಮಿಸುವ 12 ಜನರ ಮಂಡಳಿ.

ಈ ಮಂಡಳಿ ಬರೀ ಮೊಹರು ಒತ್ತುವ ಜಾಗ ಎಂದುಕೊಂಡಿದ್ದವರಿಗೆ 2025ರ ಜೂನ್ ಕಣ್ಣು ತೆರೆಸಿತು. ತಾವು ಒಪ್ಪಿದ್ದ ಹಲವರಿಗೆ ಸರ್ಕಾರ ಫೆಲೋಶಿಪ್ ತಡೆಹಿಡಿದಿದೆ, ಇದು ಕಾನೂನಿಗೆ ವಿರುದ್ಧ ಎಂದು ದೂರಿ ಮಂಡಳಿಯ ಬಹುತೇಕ ಸದಸ್ಯರು ರಾಜೀನಾಮೆ ಕೊಟ್ಟರು. ಕಾಗದದ ಮೇಲೆ ಕೊನೆಯ ಮಾತು ಮಂಡಳಿಯದು. ಮಂಡಳಿಯನ್ನು ನೇಮಿಸುವ ಕೈಯೂ ಹಣ ಬಿಡುವ ಕೈಯೂ ಸರ್ಕಾರದ್ದು.

ಮೂರನೇ ಬಾಗಿಲು ವಿಶ್ವವಿದ್ಯಾಲಯದ ಪ್ರವೇಶ. ಮಾಸ್ಟರ್ಸ್ ಅಭ್ಯರ್ಥಿಗಳ ಪರವಾಗಿ ಇನ್‌ಸ್ಟಿಟ್ಯೂಟ್ ಆಫ್ ಇಂಟರ್‌ನ್ಯಾಷನಲ್ ಎಜುಕೇಷನ್ ಎಂಬ ಸಂಸ್ಥೆ ವಿಶ್ವವಿದ್ಯಾಲಯಗಳಿಗೆ ಅರ್ಜಿ ಕಳಿಸಿ, ಶುಲ್ಕದಲ್ಲಿ ರಿಯಾಯಿತಿಗೆ ಮಾತಾಡುತ್ತದೆ. ಅಭ್ಯರ್ಥಿಯ ಇಷ್ಟದ ಹೆಸರೇ ಸಿಗುತ್ತದೆ ಎಂಬ ಖಾತ್ರಿ ಇಲ್ಲ. ದುಡ್ಡು ಎಲ್ಲಿ ಸಾಲುತ್ತದೆ ಎನ್ನುವುದೂ ಗಣನೆಗೆ ಬರುತ್ತದೆ. ನಾಲ್ಕನೆಯದು ವೀಸಾ. ಅದು ಕಾನ್ಸುಲೇಟ್ ಅಧಿಕಾರಿಯ ತೀರ್ಮಾನ. ಮೊದಲ ಮೂರು ಬಾಗಿಲು ದಾಟಿದವರಿಗೆ ಇದು ಸುಲಭ, ಆದರೆ ತಾನಾಗಿಯೇ ತೆರೆಯುವ ಬಾಗಿಲಲ್ಲ.

ಎಲ್ಲ ಸೇರಿ ಅರ್ಜಿಯಿಂದ ವಿಮಾನ ಹತ್ತುವವರೆಗೆ ಒಂದು ವರ್ಷಕ್ಕಿಂತ ಹೆಚ್ಚು ಹಿಡಿಯುತ್ತದೆ. ಮಾಸ್ಟರ್ಸ್ ಅರ್ಜಿಯ ಗಡುವು ಸಾಮಾನ್ಯವಾಗಿ ಮೇ ತಿಂಗಳ ಸುಮಾರಿಗೆ, ಸಂದರ್ಶನ ವರ್ಷದ ಕೊನೆಯ ಭಾಗದಲ್ಲಿ, ಹೊರಡುವುದು ಮರುವರ್ಷದ ಆಗಸ್ಟ್ ಹೊತ್ತಿಗೆ. ಈ ನಡುವೆ ಕೆಲಸ ಬಿಟ್ಟು ಕೂರುವುದು ಜಾಣತನವಲ್ಲ.

ಯಾರಿಗೆ ಯಾವುದು

ಒಂದು ವರ್ಷದಲ್ಲಿ ಒಂದೇ ವಿಭಾಗಕ್ಕೆ ಅರ್ಜಿ ಹಾಕಬಹುದು. ಹಾಗಾಗಿ ತಪ್ಪು ವಿಭಾಗ ಆರಿಸಿದರೆ ವರ್ಷವೇ ಹೋಯಿತು.

ಮಾಸ್ಟರ್ಸ್ ಫೆಲೋಶಿಪ್ ಒಂದರಿಂದ ಎರಡು ವರ್ಷದ್ದು, ಮತ್ತು ಎಲ್ಲ ವಿಷಯಗಳಿಗೂ ಇಲ್ಲ. ಸಾರ್ವಜನಿಕ ಆಡಳಿತ, ಸಾರ್ವಜನಿಕ ಆರೋಗ್ಯ, ನಗರ ಯೋಜನೆ, ಪರಿಸರ ವಿಜ್ಞಾನ, ಪತ್ರಿಕೋದ್ಯಮ, ಕಲೆ ಮತ್ತು ಸಂಸ್ಕೃತಿ ನಿರ್ವಹಣೆ, ಉನ್ನತ ಶಿಕ್ಷಣ ಆಡಳಿತ, ಲಿಂಗ ಅಧ್ಯಯನ ಇಂಥ ಕ್ಷೇತ್ರಗಳಿಗೆ ಅದು ಮೀಸಲು. ಕ್ಷೇತ್ರಗಳ ಪಟ್ಟಿ ವರ್ಷದಿಂದ ವರ್ಷಕ್ಕೆ ತುಸು ಬದಲಾಗುತ್ತದೆ. ಪದವಿಯಲ್ಲಿ ಕನಿಷ್ಠ 55% ಅಂಕ, ಅರ್ಜಿಯ ಗಡುವಿನೊಳಗೆ ಕನಿಷ್ಠ ಮೂರು ವರ್ಷಗಳ ಪೂರ್ಣಾವಧಿ, ಸಂಬಳದ, ಅದೇ ಕ್ಷೇತ್ರಕ್ಕೆ ಹೊಂದುವ ಅನುಭವ ಬೇಕು. ಇಂಟರ್ನ್‌ಶಿಪ್ ಮತ್ತು ಬಿಡುವಿನ ವೇಳೆಯ ಸೇವೆ ಈ ಲೆಕ್ಕಕ್ಕೆ ಬರುವುದಿಲ್ಲ. ಇನ್ನೊಂದು ಕೊಕ್ಕೆ: ಅಮೆರಿಕದ ಬ್ಯಾಚುಲರ್ ಪದವಿಗೆ ಸಮನಾದ ಓದು ಬೇಕು. ನಮ್ಮ ಮೂರು ವರ್ಷದ ಬಿ.ಎ., ಬಿ.ಕಾಂ., ಬಿ.ಎಸ್ಸಿ. ಒಂದೇ ಸಾಲದು, ಮೇಲೊಂದು ಸ್ನಾತಕೋತ್ತರ ಪದವಿ ಅಥವಾ ಪೂರ್ಣಾವಧಿ ಪಿ.ಜಿ. ಡಿಪ್ಲೊಮಾ ಇರಬೇಕು. ಅಮೆರಿಕದಿಂದ ಆಗಲೇ ಒಂದು ಪದವಿ ಪಡೆದವರಿಗೆ ಈ ಬಾಗಿಲು ಮುಚ್ಚಿದೆ.

ಡಾಕ್ಟೊರಲ್ ರಿಸರ್ಚ್ ಫೆಲೋಶಿಪ್ ಎಂದರೆ ಅಮೆರಿಕದಲ್ಲಿ ಪಿಎಚ್‌.ಡಿ. ಮಾಡುವುದಲ್ಲ. ಭಾರತದಲ್ಲಿ ನೋಂದಾಯಿಸಿ ಕನಿಷ್ಠ ಒಂದು ವರ್ಷವಾದವರು ಆರರಿಂದ ಒಂಬತ್ತು ತಿಂಗಳು ಅಲ್ಲಿನ ಸಂಸ್ಥೆಯೊಂದರಲ್ಲಿ ಸಂಶೋಧನೆ ಮಾಡಿ ಬರುವುದು. ಪ್ರಬಂಧ ಸಲ್ಲಿಸುವ ದಿನಾಂಕ ಫೆಲೋಶಿಪ್ ಮುಗಿದು ಕನಿಷ್ಠ ಮೂರು ತಿಂಗಳ ನಂತರ ಇರಬೇಕು. ಕೊನೆಯ ಅಧ್ಯಾಯ ಬರೆಯುತ್ತಿರುವವರು ಅರ್ಜಿ ಹಾಕಿ ಇದರಲ್ಲೇ ಸಿಕ್ಕಿಬೀಳುತ್ತಾರೆ: ಆಯ್ಕೆಯ ಸುತ್ತು ಮುಗಿದು ಹೊರಡುವ ಹೊತ್ತಿಗೆ ಸಲ್ಲಿಕೆಯ ಗಡುವು ಬಂದಿರುತ್ತದೆ. ಇನ್ನು ಪೋಸ್ಟ್‌ಡಾಕ್ಟೊರಲ್ ಫೆಲೋಶಿಪ್ ಪಿಎಚ್‌.ಡಿ. ಪಡೆದು ನಾಲ್ಕು ವರ್ಷದೊಳಗಿನವರಿಗೆ, 8ರಿಂದ 24 ತಿಂಗಳು.

ಇಂಗ್ಲಿಷ್ ಕಲಿಸುವ ಎಳೆಯ ಶಿಕ್ಷಕರಿಗೆ ಎಫ್‌ಎಲ್‌ಟಿಎ (ಫಾರಿನ್ ಲ್ಯಾಂಗ್ವೇಜ್ ಟೀಚಿಂಗ್ ಅಸಿಸ್ಟೆಂಟ್) ಎಂಬುದಿದೆ. 21ರಿಂದ 29 ವಯಸ್ಸಿನವರು ಒಂಬತ್ತು ತಿಂಗಳು ಅಮೆರಿಕದ ಕಾಲೇಜಿನಲ್ಲಿ ಭಾರತೀಯ ಭಾಷೆ ಕಲಿಸುತ್ತಾ, ಜೊತೆಗೆ ಒಂದೆರಡು ಕೋರ್ಸ್ ಓದುತ್ತಾರೆ. ಪದವಿ ಸಿಗುವುದಿಲ್ಲ. ಯಾವ ಭಾಷೆಗೆ ಬೇಡಿಕೆ ಇದೆ ಎಂಬುದು ಅಲ್ಲಿನ ಕಾಲೇಜುಗಳನ್ನು ಅವಲಂಬಿಸಿದೆ. ಶಾಲಾ ಶಿಕ್ಷಕರಿಗೆ, ಅಧ್ಯಾಪಕರಿಗೆ, ಹವಾಮಾನ ಸಂಶೋಧಕರಿಗೆ (ಇದು ಕಲಾಂ ಹೆಸರಿನಲ್ಲಿ) ಬೇರೆ ಬೇರೆ ವಿಭಾಗಗಳಿವೆ.

ಇವೆಲ್ಲಕ್ಕೂ ಸಾಮಾನ್ಯ ಷರತ್ತು: ಭಾರತದ ಪೌರತ್ವ, ಮತ್ತು ಅರ್ಜಿ ಹಾಕುವಾಗ ಭಾರತದಲ್ಲೇ ವಾಸ. ಗ್ರೀನ್ ಕಾರ್ಡ್ ಇರುವವರು ಅರ್ಹರಲ್ಲ.

ಅರ್ಜಿ ಎಲ್ಲಿ ಸೋಲುತ್ತದೆ

ಅಂಕ ಕಡಿಮೆಯಾಗಿ ಬಿದ್ದುಹೋಗುವ ಅರ್ಜಿಗಳಿಗಿಂತ ಪ್ರಶ್ನೆ ಅರ್ಥವಾಗದೆ ಬಿದ್ದುಹೋಗುವವೇ ಹೆಚ್ಚು. 'ಅಮೆರಿಕವೇ ಯಾಕೆ?' ಎಂಬ ಪ್ರಶ್ನೆಗೆ 'ಅಲ್ಲಿನ ವಿಶ್ವವಿದ್ಯಾಲಯಗಳು ಜಗತ್ತಿನಲ್ಲೇ ಶ್ರೇಷ್ಠ' ಎಂದು ಬರೆದರೆ ತಜ್ಞರು ಮುಂದಿನ ಅರ್ಜಿಗೆ ಹೋಗುತ್ತಾರೆ. ಬೇಕಿರುವುದು ಗುರಿಯಿಟ್ಟ ಉತ್ತರ: ಇಂಥ ಪ್ರಯೋಗಾಲಯದ ಇಂಥ ಉಪಕರಣ, ಇಂಥ ದಾಖಲೆ ಸಂಗ್ರಹ, ಇಂಥ ನಗರ ಕೊಳಚೆ ನೀರಿನ ಸಮಸ್ಯೆ ಬಗೆಹರಿಸಿದ ಬಗೆ. ಇಲ್ಲಿ ಕೂತು ಮಾಡಲಾಗದ್ದು, ಇಮೇಲ್‌ನಲ್ಲಿ ತರಿಸಿಕೊಳ್ಳಲಾಗದ್ದು ಯಾವುದು ಎಂಬುದು ಎರಡನೇ ಪ್ಯಾರಾದೊಳಗೆ ತಿಳಿಯಬೇಕು. ಅದಾದ ಮೇಲೆ, ಬಂದು ಏನು ಮಾಡುತ್ತೀರಿ? ಭಾರತ ಸರ್ಕಾರ ದುಡ್ಡು ಹಾಕಿರುವುದು ನೀವು ವಾಪಸ್ ಬರುವಿರಿ ಎಂದು. 'ಸಮಾಜಸೇವೆ ಮಾಡುತ್ತೇನೆ' ಎನ್ನುವುದು ಉತ್ತರವಲ್ಲ. ಯಾವ ಕಚೇರಿ, ಯಾವ ಕೆಲಸ, ಈಗ ಅದು ಎಲ್ಲಿ ಕೆಟ್ಟು ನಿಂತಿದೆ ಎಂದು ಬರೆಯಬೇಕು.

ಸಂಶೋಧನೆಯ ವಿಭಾಗಗಳಲ್ಲಿ ಅಮೆರಿಕದ ಪ್ರಾಧ್ಯಾಪಕರ ಆಹ್ವಾನ ಪತ್ರ ಬಹಳ ತೂಕದ ಕಾಗದ. ಅದರಲ್ಲಿ ನಿಮ್ಮ ಯೋಜನೆಯ ಹೆಸರು, ಬರುವ ಅವಧಿ, ಒದಗಿಸುವ ಸೌಲಭ್ಯ ಇರಬೇಕು. ಅವಧಿ ಅರ್ಜಿಯಲ್ಲಿ ಬರೆದದ್ದಕ್ಕೆ ತಾಳೆಯಾಗಬೇಕು. 'ಬಂದರೆ ಸಂತೋಷ' ಎಂಬ ಎರಡು ಸಾಲಿನ ಪತ್ರ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಪ್ರಾಧ್ಯಾಪಕರು ಮೊದಲ ಇಮೇಲಿಗೇ ಉತ್ತರಿಸುವುದು ಅಪರೂಪ, ಅವರ ಬೇಸಿಗೆ ರಜೆಯೂ ನಡುವೆ ಬರುತ್ತದೆ. ಗಡುವಿಗೆ ನಾಲ್ಕೈದು ತಿಂಗಳು ಮೊದಲೇ ಬರೆಯಲು ಶುರುಮಾಡುವುದು ಕ್ಷೇಮ.

ಶಿಫಾರಸು ಪತ್ರಕ್ಕೆ ಕುಲಪತಿಯನ್ನೋ ಶಾಸಕರನ್ನೋ ಹಿಡಿಯುವ ಚಾಳಿ ಇನ್ನೂ ಹೋಗಿಲ್ಲ. ದೊಡ್ಡವರ ಪತ್ರದಲ್ಲಿ ಅಭ್ಯರ್ಥಿಯ ಹೆಸರು ಬಿಟ್ಟರೆ ಬೇರೇನೂ ಇರುವುದಿಲ್ಲ. ನಿಮ್ಮ ಕೆಲಸವನ್ನು ದಿನವೂ ಕಂಡವರು ಒಂದು ಘಟನೆ, ಒಂದು ಅಂಕಿ ಸಮೇತ ಬರೆದರೆ ಅದಕ್ಕೆ ಬೆಲೆ. ಪತ್ರವನ್ನು ಬರೆಯುವವರೇ ನೇರವಾಗಿ ಆನ್‌ಲೈನ್‌ನಲ್ಲಿ ಸಲ್ಲಿಸಬೇಕಾದ್ದರಿಂದ, ಲಿಂಕ್ ಅವರ ಸ್ಪ್ಯಾಮ್ ಪೆಟ್ಟಿಗೆಗೆ ಹೋಗಿ ಕೂತಿತೇ ಎಂದು ಫೋನ್ ಮಾಡಿ ಕೇಳಿಬಿಡಿ.

ಇನ್ನು ಉದ್ಯೋಗದಾತರ ಒಪ್ಪಿಗೆ ಪತ್ರ. ಆಯ್ಕೆಯಾದರೆ ಇಷ್ಟು ಅವಧಿಗೆ ರಜೆ ಕೊಡುತ್ತೇವೆ ಎಂದು ಅಧಿಕಾರವುಳ್ಳವರು ನಿಗದಿತ ನಮೂನೆಯಲ್ಲಿ ಸಹಿ ಹಾಕಬೇಕು. ಸರ್ಕಾರಿ ನೌಕರರಿಗೆ, ಅನುದಾನಿತ ಕಾಲೇಜಿನವರಿಗೆ ಇದೇ ದೊಡ್ಡ ಬೆಟ್ಟ. ವಿಭಾಗದ ಮುಖ್ಯಸ್ಥರ ಸಹಿ ಸಾಲದು ಎಂದು ಕೊನೆಯ ವಾರದಲ್ಲಿ ಗೊತ್ತಾಗುತ್ತದೆ. ಕಡತ ಮೇಜಿಂದ ಮೇಜಿಗೆ ಹೋಗುವಷ್ಟರಲ್ಲಿ ಗಡುವು ದಾಟಿರುತ್ತದೆ. ಅರ್ಜಿಯಲ್ಲಿ ಮೊದಲು ಕೈ ಹಾಕಬೇಕಾದ ಕೆಲಸ ಇದು, ಪ್ರಬಂಧ ಬರೆಯುವುದಲ್ಲ.

ಸಿಗುವುದು, ಸಿಗದಿರುವುದು

ಊರಿನಿಂದ ಅಲ್ಲಿಗೆ ಹೋಗಿ ಬರುವ ಎಕಾನಮಿ ಟಿಕೆಟ್, ವಿನಿಮಯದಲ್ಲಿ ಹೋಗುವವರಿಗೆ ಕೊಡುವ ಜೆ–1 ವೀಸಾದ ವ್ಯವಸ್ಥೆ, ಜೀವನ ವೆಚ್ಚ, ಅಪಘಾತ ಮತ್ತು ಕಾಯಿಲೆಯ ಆರೋಗ್ಯ ನೆರವು, ಮಾಸ್ಟರ್ಸ್‌ನವರಿಗೆ ಶುಲ್ಕವೂ. ಟಿಕೆಟ್ಟಿಗೆ ಅಮೆರಿಕ ಸರ್ಕಾರದ ಹಣ ಬಳಸುವಾಗ ಅಲ್ಲಿನ ಕಾನೂನಿನಂತೆ ಅಮೆರಿಕನ್ ವಿಮಾನ ಕಂಪನಿಯಲ್ಲೇ, ಅಥವಾ ಅದು ಟಿಕೆಟ್ ಹಂಚಿಕೊಂಡ ಕಂಪನಿಯಲ್ಲಿ ಹೋಗಬೇಕು. ಅಗ್ಗದ ಟಿಕೆಟ್ ಕಂಡಿತೆಂದು ತಾವೇ ಕೊಂಡು ಬಿಲ್ ಕಳಿಸಿದರೆ ಹಣ ಬರದೇ ಹೋಗಬಹುದು. ಸರ್ಕಾರಿ ಪ್ರಾಯೋಜಿತ ವಿನಿಮಯವಾದ್ದರಿಂದ ವೀಸಾ ಶುಲ್ಕವೂ ಸೆವಿಸ್ (ವಿದೇಶಿ ವಿದ್ಯಾರ್ಥಿಗಳ ದಾಖಲೆ ಇಡುವ ಅಮೆರಿಕದ ವ್ಯವಸ್ಥೆ) ಶುಲ್ಕವೂ ಕಟ್ಟಬೇಕಿಲ್ಲ. ಜೆ ವೀಸಾಕ್ಕೆ ಅರ್ಹತೆ ತೋರಿಸುವ ಡಿಎಸ್–2019 ಕಾಗದದಲ್ಲಿ ಕಾರ್ಯಕ್ರಮದ ಸಂಖ್ಯೆ 'ಜಿ–1' ಎಂದು ಶುರುವಾಗಿದೆಯೇ ನೋಡಿಕೊಂಡರೆ ಸಾಕು.

ಆರೋಗ್ಯ ನೆರವನ್ನು ಪೂರ್ತಿ ವಿಮೆ ಎಂದುಕೊಳ್ಳಬಾರದು. ಮಾಮೂಲಿ ಹಲ್ಲಿನ, ಕಣ್ಣಿನ ತಪಾಸಣೆ ಅದರಲ್ಲಿ ಬರುವುದಿಲ್ಲ. ಕನ್ನಡಕ, ಹಲ್ಲಿನ ಕೆಲಸ ಹೊರಡುವ ಮುಂಚೆ ಇಲ್ಲೇ ಮುಗಿಸುವುದು ಲೇಸು. ಮಾಸ್ಟರ್ಸ್‌ನವರು ಹೆಂಡತಿ, ಗಂಡ, ಮಕ್ಕಳನ್ನು ಕರೆದೊಯ್ದರೆ ಖರ್ಚು ಅವರದೇ.

ತೆರಿಗೆಯ ವಿಷಯ ಹೊರಡುವಾಗ ಯಾರ ನೆನಪಿಗೂ ಬರುವುದಿಲ್ಲ. ಪದವಿಗೆ ಓದುವವರ ಶುಲ್ಕಕ್ಕೆ ಕಟ್ಟಿದ ಹಣಕ್ಕೆ ಅಮೆರಿಕದಲ್ಲಿ ತೆರಿಗೆ ಇಲ್ಲ. ಊಟ–ಬಾಡಿಗೆಗೆ ಕೊಟ್ಟ ಹಣ ತೆರಿಗೆಗೆ ಒಳಪಡಬಹುದು, ಜೆ ವೀಸಾದವರಿಗೆ ಮೂಲದಲ್ಲೇ 14% ಹಿಡಿಯುವ ನಿಯಮವಿದೆ. ಭಾರತ–ಅಮೆರಿಕ ತೆರಿಗೆ ಒಪ್ಪಂದದ 21ನೇ ವಿಧಿ ನಮ್ಮ ವಿದ್ಯಾರ್ಥಿಗಳಿಗೆ ಅಲ್ಲಿನ ಸ್ಟ್ಯಾಂಡರ್ಡ್ ಡಿಡಕ್ಷನ್ ಕೊಡುತ್ತದೆ. ಬೇರೆ ದೇಶದ ಬಹುತೇಕ ಅನಿವಾಸಿ ವಿದ್ಯಾರ್ಥಿಗಳಿಗೆ ಇದು ಇಲ್ಲ. ಆದಾಯವೇ ಇಲ್ಲದಿದ್ದರೂ ಅಲ್ಲಿನ ತೆರಿಗೆ ಇಲಾಖೆಗೆ 8843 ಎಂಬ ಫಾರಂ ಸಲ್ಲಿಸಬೇಕು.

ಅತ್ತಿಂದ ಇತ್ತ ಬರುವವರ ಪಾಡೂ ಸಲೀಸಲ್ಲ. ಅಮೆರಿಕನ್ ಸಂಶೋಧಕರಿಗೆ ಭಾರತದ ಸಂಸ್ಥೆಯೊಂದರ ಸಂಯೋಜನೆ ಪತ್ರ ಬೇಕು, ಯೋಜನೆಗೆ ನಮ್ಮ ಸರ್ಕಾರದ ಅನುಮತಿ ಬೇಕು, ಆಮೇಲೆ ರಿಸರ್ಚ್ ವೀಸಾ. ಇದಕ್ಕೆ ತಿಂಗಳುಗಳೇ ಹಿಡಿಯುತ್ತವೆ. 180 ದಿನ ಮೀರುವ ವೀಸಾ ಆಗಿದ್ದರೆ ಬಂದಿಳಿದ 14 ದಿನದೊಳಗೆ ವಿದೇಶಿಯರ ನೋಂದಣಿ ಕಚೇರಿಯಾದ ಎಫ್‌ಆರ್‌ಆರ್‌ಒದಲ್ಲಿ ನೋಂದಣಿ. ಆತಿಥ್ಯ ವಹಿಸುವ ಕಾಲೇಜು ಪತ್ರ ಕೊಟ್ಟು ಕೈ ತೊಳೆದುಕೊಂಡರೆ ಬಂದವರು ವಾಸದ ವಿಳಾಸದ ದಾಖಲೆಗೂ ಪರದಾಡುತ್ತಾರೆ.

ಎರಡು ವರ್ಷದ ನಿಯಮ

ಅಮೆರಿಕದ ವಲಸೆ ಕಾನೂನಿನ 212(ಇ) ಕಲಮಿನಂತೆ, ಸರ್ಕಾರದ ಹಣದಲ್ಲಿ ಜೆ–1 ವೀಸಾ ಮೇಲೆ ಹೋದವರು ಒಟ್ಟು ಎರಡು ವರ್ಷ ತಾಯ್ನಾಡಿನಲ್ಲಿ ಇರುವ ತನಕ ಎಚ್ (ಉದ್ಯೋಗ), ಎಲ್ (ಕಂಪನಿಯೊಳಗಿನ ವರ್ಗಾವಣೆ), ಕೆ (ಮದುವೆ) ವೀಸಾಗಳನ್ನಾಗಲಿ ಗ್ರೀನ್ ಕಾರ್ಡನ್ನಾಗಲಿ ಪಡೆಯುವಂತಿಲ್ಲ. ಜೊತೆಗೆ ಜೆ–2ರಲ್ಲಿ ಹೋದ ಗಂಡ, ಹೆಂಡತಿ, ಮಕ್ಕಳಿಗೂ ಇದೇ ಕಟ್ಟು. ಅಮೆರಿಕಕ್ಕೆ ಕಾಲಿಡಲೇಬಾರದು ಎಂದೇನಲ್ಲ. ಸಮ್ಮೇಳನಕ್ಕೆ ಬಿ ವೀಸಾದಲ್ಲಿ ಹೋಗಬಹುದು, ಇಲ್ಲಿಂದಲೇ ಎಫ್–1 ವೀಸಾ ಪಡೆದು ಪಿಎಚ್‌.ಡಿ.ಗೂ ಹೋಗಬಹುದು. ಆದರೆ ಅಲ್ಲಿ ಕಳೆದ ದಿನಗಳು ಎರಡು ವರ್ಷದ ಲೆಕ್ಕಕ್ಕೆ ಸೇರವು. ದುಬೈ, ಲಂಡನ್‌ಗಳಲ್ಲಿ ಕಳೆದ ದಿನಗಳೂ ಸೇರವು.

ಈಚೆಗೆ ಇದರ ಸುತ್ತ ಒಂದು ತಪ್ಪು ತಿಳಿವಳಿಕೆ ಹಬ್ಬಿದೆ. ಈ ನಿಯಮಕ್ಕೆ ಸಿಕ್ಕಿಬೀಳುವ ದಾರಿಗಳು ಮೂರು: ಸರ್ಕಾರದ ಹಣ, ವೈದ್ಯಕೀಯ ತರಬೇತಿ, ಮತ್ತು ತಾಯ್ನಾಡಿಗೆ ಬೇಕಾದ ಕೌಶಲಗಳ ಪಟ್ಟಿ. 2024ರ ಡಿಸೆಂಬರ್‌ನಲ್ಲಿ ಅಮೆರಿಕ ಆ ಪಟ್ಟಿಯನ್ನು ಪರಿಷ್ಕರಿಸಿ ಭಾರತವನ್ನು ಕೈಬಿಟ್ಟಿತು. ಸ್ವಂತ ಖರ್ಚಿನಲ್ಲೋ ವಿಶ್ವವಿದ್ಯಾಲಯದ ಹಣದಲ್ಲೋ ಜೆ–1 ಮೇಲೆ ಹೋದ ಬಹಳಷ್ಟು ಜನ ಅದರಿಂದ ಬಿಡುಗಡೆಯಾದರು. ಫುಲ್‌ಬ್ರೈಟ್–ನೆಹರೂದವರು ಬಿಡುಗಡೆಯಾಗಲಿಲ್ಲ, ಅವರನ್ನು ಕಟ್ಟಿರುವುದು ಹಣ, ಪಟ್ಟಿಯಲ್ಲ. ಭಾರತ ಸರ್ಕಾರದಿಂದ 'ಆಕ್ಷೇಪಣೆ ಇಲ್ಲ' ಎಂಬ ಪತ್ರ ತಂದರೆ ವಿನಾಯಿತಿ ಸಿಗುತ್ತದೆ ಎಂಬ ಸಲಹೆಯನ್ನೂ ನಂಬಿ ಕೂರಬೇಡಿ: ಅಮೆರಿಕ ಸರ್ಕಾರದ ಹಣ ಪಡೆದವರಿಗೆ ಆ ಪತ್ರದ ಬಲದ ಮೇಲೆ ಅನುಕೂಲ ತೀರ್ಮಾನ ಬರುವುದು ವಿರಳ.

ಪೋಸ್ಟ್‌ಡಾಕ್‌ನವರು ಇದರ ಜೊತೆ 24 ತಿಂಗಳ ಇನ್ನೊಂದು ತಡೆಯನ್ನು ಕಲಸಿಕೊಳ್ಳುತ್ತಾರೆ. ರಿಸರ್ಚ್ ಸ್ಕಾಲರ್ ವರ್ಗದ ಜೆ–1 ಮುಗಿಸಿದವರು ಅದೇ ವರ್ಗದಲ್ಲಿ ಮತ್ತೆ ಹೋಗಲು 24 ತಿಂಗಳು ಕಾಯಬೇಕು. ಆ ಸಮಯವನ್ನು ಯಾವ ದೇಶದಲ್ಲಿ ಕಳೆದರೂ ನಡೆಯುತ್ತದೆ. 212(ಇ)ಗೆ ಮಾತ್ರ ತಾಯ್ನಾಡಿನ ನೆಲವೇ ಬೇಕು, ಮತ್ತು ಆ ದಿನಗಳನ್ನು ತೋರಿಸುವ ಹೊಣೆ ನಿಮ್ಮದೇ. ಎರಡು ವರ್ಷ ಒಂದೇ ಸಮ ಇರಬೇಕಿಲ್ಲ, ತುಂಡು ತುಂಡಾಗಿ ಕೂಡಿಸಬಹುದು. ಅದಕ್ಕೇ ಹಳೆಯ ಪಾಸ್‌ಪೋರ್ಟ್ ಎಸೆಯದೆ ಇಡಿ. ವಲಸೆ ಮೊಹರಿನ ಪುಟಗಳು, ಬೋರ್ಡಿಂಗ್ ಪಾಸ್, ಸಂಬಳದ ಚೀಟಿ, ಬಾಡಿಗೆ ಕರಾರು ಎಲ್ಲವನ್ನೂ ಒಂದು ಫೈಲಿನಲ್ಲಿ ತಾರೀಖಿನ ಪ್ರಕಾರ ಜೋಡಿಸಿಡಿ.